ಸೀಸೆಯ ಮೇಲಿನ ಚೀಟಿ: ದ್ರಾಕ್ಷಾಮದ್ಯದ ಆಯ್ಕೆಯೂ ನಂಬಿಕೆಯ ಚರಿತ್ರೆಯೂ

ಅಕ್ಕಿಯನ್ನು ಕೊಳ್ಳುವವನು ಅದನ್ನು ಅಂಗೈಯ ಮೇಲೆ ಹರಡಿಕೊಂಡು ನೋಡುತ್ತಾನೆ, ಬಟ್ಟೆಯನ್ನು ಕೊಳ್ಳುವವನು ಎರಡು ಬೆರಳುಗಳ ನಡುವೆ ಹಿಡಿದು ಉಜ್ಜಿ ನೋಡುತ್ತಾನೆ, ಚಿನ್ನಕ್ಕೆ ಒರೆಗಲ್ಲುಂಟು. ಬಿರಡೆ ಹಾಕಿದ ಸೀಸೆಯೊಳಗಿನ ದ್ರಾಕ್ಷಾಮದ್ಯಕ್ಕೆ ಇಂತಹ ಪರೀಕ್ಷೆ ಯಾವುದೂ ಇಲ್ಲ. ಬಿರಡೆಯನ್ನು ತೆಗೆದ ಮೇಲೆ ಅದರ ಗುಣ ತಿಳಿಯುವುದಾದರೂ ಅಷ್ಟರಲ್ಲಿ ಹಣ ಅಂಗಡಿಯವನ ಪೆಟ್ಟಿಗೆಯನ್ನು ಸೇರಿರುತ್ತದೆ. ಬಹುಕಾಲದ ಅಭ್ಯಾಸವುಳ್ಳವನು ತನ್ನ ನೆನಪನ್ನು ನಂಬಿ ಕೊಳ್ಳಬಲ್ಲನು. ಹೊಸಬನಿಗೆ ಆ ನೆನಪಿನ ಬಂಡವಾಳವಿಲ್ಲ. ಅವನು ಸೀಸೆಯ ಮೇಲೆ ಅಂಟಿಸಿದ ಚೀಟಿಯನ್ನು ಓದಿಯೇ ತೀರ್ಮಾನಿಸಬೇಕು. ಆ ಚೀಟಿಯಲ್ಲಿ ಸಾಮಾನ್ಯವಾಗಿ ಊರಿನ ಹೆಸರು, ತೋಟದ ಅಥವಾ ವರ್ತಕನ ಹೆಸರು, ಹಣ್ಣಿನ ಜಾತಿ, ಕೊಯ್ಲಿನ ವರ್ಷ ಇವುಗಳಲ್ಲಿ ಕೆಲವೋ ಎಲ್ಲವೋ ಇರುತ್ತವೆ. ಈ ಒಂದೊಂದು ಮಾತೂ ಅಲ್ಲಿಗೆ ಬಂದು ಸೇರಿದುದು ಹೇಗೆ, ಅದನ್ನು ಸೇರಿಸಿದವರು ಯಾರು, ಅದರಿಂದ ಲಾಭವಾದುದು ಯಾರಿಗೆ, ನಷ್ಟವಾದುದು ಯಾರಿಗೆ ಎಂಬುದು ವಾಣಿಜ್ಯದ ಚರಿತ್ರೆಯಲ್ಲಿ ಸ್ವಾರಸ್ಯವಾದ ಒಂದು ಅಧ್ಯಾಯ. ಮದ್ಯಪಾನದ ಗುಣದೋಷಗಳ ವಿಚಾರ ಬೇರೆಯದು. ಅದು ಇಲ್ಲಿ ಪ್ರಸ್ತುತವಲ್ಲ. ಅರಿಯದ ಕೊಳ್ಳುಗನೂ ಅರಿತ ಮಾರಾಟಗಾರನೂ ಎದುರುಬದುರಾದಾಗ ಅವರಿಬ್ಬರ ನಡುವೆ ನಂಬಿಕೆ ಹೇಗೆ ಹುಟ್ಟಿತು ಎಂಬುದಷ್ಟೇ ಇಲ್ಲಿನ ವಿಷಯ.

೧. ಪ್ರಾಚೀನರ ಗುರುತುಗಳು

ಚೀಟಿಯ ಪದ್ಧತಿ ಕಾಗದಕ್ಕಿಂತಲೂ ಹಳೆಯದು. ಈಜಿಪ್ಟಿನ ಅರಸು ತುತಂಖಾಮನ್‌ನ ಸಮಾಧಿಯನ್ನು ೧೯೨೨ರಲ್ಲಿ ಕಂಡುಹಿಡಿದಾಗ ದ್ರಾಕ್ಷಾಮದ್ಯವನ್ನು ತುಂಬಿಟ್ಟಿದ್ದ ಮಣ್ಣಿನ ಗಡಿಗೆಗಳು ಅಲ್ಲಿ ದೊರೆತವು. ಅವುಗಳ ಮೇಲೆ ಅರಸನ ಆಳ್ವಿಕೆಯ ಎಷ್ಟನೆಯ ವರ್ಷದ ಮದ್ಯ, ಯಾವ ತೋಟದ್ದು, ಅದನ್ನು ಸಿದ್ಧಪಡಿಸಿದ ಮುಖ್ಯಸ್ಥನಾರು ಎಂಬ ವಿವರಗಳನ್ನು ಮಸಿಯಿಂದ ಬರೆದಿದ್ದಿತು. ಕ್ರಿಸ್ತಪೂರ್ವ ಹದಿನಾಲ್ಕನೆಯ ಶತಮಾನದ ಆ ಬರಹದಲ್ಲಿ ಇಂದಿನ ಸೀಸೆಯ ಚೀಟಿಯ ಮುಖ್ಯಾಂಶಗಳು ಆಗಲೇ ಕೂಡಿದ್ದುವೆಂದು ಹೇಳಬಹುದು. ಆದರೆ ಅದು ಅರಮನೆಯ ಉಗ್ರಾಣದ ಲೆಕ್ಕ. ಪೇಟೆಯಲ್ಲಿ ಕೊಳ್ಳುವವನಿಗಾಗಿ ಬರೆದುದಲ್ಲ.

ನಮ್ಮ ದೇಶದ ಸಾಕ್ಷ್ಯವೂ ಗಮನಾರ್ಹವಾಗಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ವಿವರಿಸುವ ಅಧ್ಯಾಯವೊಂದುಂಟು. ಅಲ್ಲಿ ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಆರು ಬಗೆಯ ಮದ್ಯಗಳು ಉಕ್ತವಾಗಿವೆ. ಉಳಿದವನ್ನು ಹೇಳುವಾಗ ಗ್ರಂಥಕಾರನು ಅವುಗಳಲ್ಲಿ ಸೇರುವ ಪದಾರ್ಥಗಳ ಕಡೆಗೆ ಗಮನ ಕೊಡುತ್ತಾನೆ. ಮೇದಕಕ್ಕೆ ನೀರೆಷ್ಟು, ಅಕ್ಕಿಯೆಷ್ಟು ಎಂದು ಅಳತೆಯನ್ನೇ ಕೊಡುತ್ತಾನೆ. ದ್ರಾಕ್ಷಿಯ ರಸವಾದ ಮಧುವಿನ ಪ್ರಸಕ್ತಿ ಬಂದಾಗ ಮಾತ್ರ ಈ ಕ್ರಮವನ್ನು ಬಿಟ್ಟು, ಹುಟ್ಟಿದ ನಾಡೇ ಅದರ ವಿವರಣೆಯೆಂದು ತಿಳಿಸಿ, ಕಾಪಿಶಾಯನ, ಹಾರಹೂರಕ ಎಂಬ ಎರಡು ಹೆಸರುಗಳನ್ನು ಹೇಳಿ ಮುಗಿಸುತ್ತಾನೆ. ಕಾಪಿಶಾಯನವೆಂದರೆ ಇಂದಿನ ಕಾಬೂಲಿನ ಉತ್ತರಕ್ಕಿದ್ದ ಕಪಿಶಾ ನಾಡಿನದು. ದ್ರಾಕ್ಷಾಮದ್ಯದ ಗುಣವನ್ನು ನೆಲದ ಹೆಸರಿನಿಂದಲೇ ತಿಳಿಯಬೇಕೆಂಬ ಭಾವನೆ ಭಾರತದಲ್ಲಿಯೂ ಪ್ರಾಚೀನವಾದುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಾಗಿಲ್ಲ.

ಕ್ರಿಸ್ತಶಕ ಮೊದಲನೆಯ ಶತಮಾನದ ಗ್ರೀಕ್ ನಾವಿಕ ಗ್ರಂಥವಾದ ಪೆರಿಪ್ಲಸ್ಸಿನಲ್ಲಿ, ಭರುಕಚ್ಛದ ಬಂದರಿಗೆ ಇಟಲಿ, ಲಾವೊಡಿಕೆಯ ಮತ್ತು ಅರೇಬಿಯಗಳ ದ್ರಾಕ್ಷಾಮದ್ಯ ಆಮದಾಗುತ್ತಿದ್ದುದೂ, ಅವುಗಳಲ್ಲಿ ಇಟಲಿಯದಕ್ಕೆ ಹೆಚ್ಚಿನ ಆದರವಿದ್ದುದೂ ಉಲ್ಲೇಖಗೊಂಡಿವೆ. ಪುದುಚೇರಿಯ ಸಮೀಪದ ಅರಿಕಮೇಡಿನಲ್ಲಿ ೧೯೪೫ರಲ್ಲಿ ವ್ಹೀಲರ್ ನಡೆಸಿದ ಉತ್ಖನನದಲ್ಲಿ ಮೆಡಿಟರೇನಿಯನ್ ತೀರದಿಂದ ಬಂದ ಮದ್ಯದ ಗಡಿಗೆಗಳ ಚೂರುಗಳು ದೊರೆತವು. ಸಮುದ್ರದಾಚೆಯ ತೋಟವನ್ನು ಎಂದೂ ಕಾಣದ ಭಾರತೀಯ ಕೊಳ್ಳುಗನು ಊರಿನ ಹೆಸರನ್ನು ಕೇಳಿಯೇ ಬೆಲೆ ಕೊಟ್ಟಿರಬೇಕು.

ಹೆಸರಿಗೆ ಬೆಲೆ ಬಂದೊಡನೆ ಹೆಸರಿನ ಕಳವೂ ಆರಂಭವಾಗುವುದು ಸಹಜ. ರೋಮಿನಲ್ಲಿ ಫಲೇರ್ನಿಯನ್ ಎಂಬುದು ಅತ್ಯುತ್ತಮ ಮದ್ಯಗಳಲ್ಲೊಂದೆಂದು ಪ್ರಸಿದ್ಧವಾಗಿದ್ದಿತು. ಕ್ರಿಸ್ತಪೂರ್ವ ೧೨೧ರ ಕೊಯ್ಲನ್ನು ಆ ವರ್ಷದ ಕಾನ್ಸಲ್ ಆಗಿದ್ದ ಓಪಿಮಿಯಸ್‌ನ ಹೆಸರಿನಿಂದ ತಲೆಮಾರುಗಳವರೆಗೆ ಕೊಂಡಾಡುತ್ತಿದ್ದರು. ಮದ್ಯಗಳ ತಾರತಮ್ಯವನ್ನು ವಿಸ್ತಾರವಾಗಿ ಬರೆದ ಪ್ಲಿನಿಯೇ, ಮಾರಾಟವಾಗುತ್ತಿರುವುದು ಬರಿಯ ಹೆಸರು, ಒಳಗಿರುವುದು ಕಲಬೆರಕೆ ಎಂದು ಹಳಹಳಿಸಿದ್ದಾನೆ.

೨. ಸೀಸೆಯೂ ತೋಟದ ಹೆಸರೂ

ಮಧ್ಯಯುಗದ ಯೂರೋಪಿನಲ್ಲಿ ಮದ್ಯವು ಪೀಪಾಯಿಗಳಲ್ಲಿ ಸಾಗುತ್ತಿದ್ದಿತು. ಪೀಪಾಯಿ ಬರಿದಾಗುತ್ತ ಬಂದಂತೆ ಗಾಳಿ ತಗಲಿ ಮದ್ಯ ಹುಳಿಯಾಗುವುದು. ಆದುದರಿಂದ ಹೊಸ ಮದ್ಯಕ್ಕೆ ಹೆಚ್ಚು ಬೆಲೆ, ವರ್ಷ ಕಳೆದುದಕ್ಕೆ ಕಡಿಮೆ ಬೆಲೆ ಎಂಬುದೇ ಅಂದಿನ ಪೇಟೆಯ ಸಾಮಾನ್ಯ ನಿಯಮವಾಗಿದ್ದಿತು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಗಟ್ಟಿಯಾದ ಗಾಜಿನ ಸೀಸೆಗಳ ತಯಾರಿಕೆ ಬೆಳೆದು, ಅದಕ್ಕೆ ಬೆಂಡಿನ ಬಿರಡೆ ಜೊತೆಗೂಡಿದ ಮೇಲೆ ಮದ್ಯವನ್ನು ಕೂಡಿಡುವುದು ಸಾಧ್ಯವಾಯಿತು. ಕೊಯ್ಲಿನ ವರ್ಷಕ್ಕೆ ಬೆಲೆ ಬಂದುದು ಇದರ ಫಲ.

ಇದೇ ಕಾಲದಲ್ಲಿ ಒಂದೇ ತೋಟದ ಹೆಸರಿನಿಂದ ಮದ್ಯವನ್ನು ಮಾರುವ ಪದ್ಧತಿಯೂ ಮೊದಲಾಯಿತು. ಫ್ರಾನ್ಸಿನ ಬೋರ್ಡೋ ನಗರದ ಪೊಂಟಾಕ್ ಮನೆತನದವರು ತಮ್ಮ ಓಬ್ರಿಯೋ ತೋಟದ ಮದ್ಯವನ್ನು ಆ ಹೆಸರಿನಿಂದಲೇ ಲಂಡನ್ನಿಗೆ ಕಳುಹಿಸಿದರು. ಸ್ಯಾಮ್ಯುಯೆಲ್ ಪೀಪ್ಸನು ೧೬೬೩ರ ಏಪ್ರಿಲ್ ತಿಂಗಳ ತನ್ನ ದಿನಚರಿಯಲ್ಲಿ ಲಂಡನ್ನಿನ ಪಾನಗೃಹವೊಂದರಲ್ಲಿ ಅದನ್ನು ಕುಡಿದುದನ್ನು ದಾಖಲಿಸಿದ್ದಾನೆ. ಹೆಸರನ್ನು ಮಾತ್ರ ಕಿವಿಗೆ ಕೇಳಿದಂತೆ ತಪ್ಪಾಗಿ ಬರೆದಿದ್ದಾನೆ. ೧೬೬೬ರಲ್ಲಿ ಆ ಮನೆತನದವರು ಲಂಡನ್ನಿನಲ್ಲಿಯೇ ತಮ್ಮದೊಂದು ಪಾನಗೃಹವನ್ನು ತೆರೆದರು. ಬೆಳೆಗಾರನು ಕೊಳ್ಳುಗನೆದುರಿಗೆ ತನ್ನ ಹೆಸರನ್ನು ಹಿಡಿದು ನಿಂತುದಕ್ಕೆ ಇದೊಂದು ಮೊದಲ ನಿದರ್ಶನ.

ಹೊಸಬನೊಬ್ಬನು ಕ್ರಮವಾಗಿ ಅಭ್ಯಾಸ ಮಾಡಿ ಆಯ್ಕೆಯನ್ನು ಕಲಿತುದಕ್ಕೆ ಥಾಮಸ್ ಜೆಫರ್ಸನ್ನನ ಉದಾಹರಣೆಯುಂಟು. ಅಮೆರಿಕದ ಪ್ರತಿನಿಧಿಯಾಗಿ ಪ್ಯಾರಿಸ್ಸಿನಲ್ಲಿದ್ದ ಅವನು ೧೭೮೭ರಲ್ಲಿ ಬೋರ್ಡೋ ಪ್ರಾಂತಕ್ಕೆ ತಾನೇ ಹೋಗಿ, ಅಲ್ಲಿನ ಉತ್ತಮ ತೋಟಗಳ ಹೆಸರುಗಳನ್ನೂ ಬೆಲೆಗಳನ್ನೂ ಬರೆದುಕೊಂಡನು. ಆ ಬಳಿಕ ವರ್ತಕರನ್ನು ಬಿಟ್ಟು ತೋಟದ ಒಡೆಯರಿಂದಲೇ ನೇರವಾಗಿ ತರಿಸುವುದಕ್ಕೆ ಪ್ರಯತ್ನಿಸಿದನು. ನಡುವಿನ ಕೈಗಳು ಹೆಚ್ಚಿದಷ್ಟೂ ಬೆರಕೆಗೆ ಅವಕಾಶ ಹೆಚ್ಚೆಂಬುದು ಅವನ ಅನುಭವ. ಆದರೆ ರಾಯಭಾರಿಗೆ ಸಾಧ್ಯವಾದುದು ಸಾಮಾನ್ಯ ಗೃಹಸ್ಥನಿಗೆ ಸಾಧ್ಯವಿರಲಿಲ್ಲ.

೩. ಎಲ್ಲೆಕಲ್ಲುಗಳು

ಒಬ್ಬ ಒಡೆಯನ ಹೆಸರನ್ನು ಕಾಪಾಡಿಕೊಳ್ಳುವುದು ಒಂದು ವಿಷಯ. ಒಂದು ನಾಡಿನ ಹೆಸರನ್ನು ಕಾಪಾಡುವುದು ಮತ್ತೊಂದು. ಎರಡನೆಯದಕ್ಕೆ ರಾಜಶಕ್ತಿ ಬೇಕು. ಟಸ್ಕನಿಯ ಅಧಿಪತಿ ಮೂರನೆಯ ಕಾಸಿಮೊ ಮೆಡಿಚಿಯು ೧೭೧೬ರಲ್ಲಿ ಶಾಸನವೊಂದನ್ನು ಹೊರಡಿಸಿ, ಕಿಯಾಂಟಿ ಮೊದಲಾದ ನಾಲ್ಕು ಪ್ರದೇಶಗಳ ಎಲ್ಲೆಗಳನ್ನು ನಿರ್ಧರಿಸಿದನು.

ಪೋರ್ಚುಗಲ್ಲಿನ ಡೋರೊ ಕಣಿವೆಯ ವೃತ್ತಾಂತ ಇದಕ್ಕಿಂತ ಬೋಧಪ್ರದವಾದುದು. ೧೭೦೩ರ ಮೆಥುಯೆನ್ ಒಪ್ಪಂದದಿಂದ ಪೋರ್ಚುಗೀಸ್ ಮದ್ಯಕ್ಕೆ ಇಂಗ್ಲೆಂಡಿನಲ್ಲಿ ಫ್ರೆಂಚ್ ಮದ್ಯಕ್ಕಿಂತ ಕಡಿಮೆ ಸುಂಕ ಗೊತ್ತಾಯಿತು. ಬೇಡಿಕೆ ಏರಿದಂತೆ ಕಲಬೆರಕೆಯೂ ಏರಿತು. ಎಲ್ಡರ್ ಎಂಬ ಗಿಡದ ಹಣ್ಣಿನ ರಸವನ್ನು ಸೇರಿಸಿ ತೆಳುವಾದ ಮದ್ಯಕ್ಕೆ ಗಾಢವಾದ ಕೆಂಪನ್ನು ತರುತ್ತಿದ್ದರು. ಕೊಳ್ಳುವವರ ನಂಬಿಕೆ ಕೆಟ್ಟು ಶತಮಾನದ ಮಧ್ಯದ ವೇಳೆಗೆ ಬೆಲೆಗಳು ಕುಸಿದವು. ಆಗ ಮಂತ್ರಿಯಾಗಿದ್ದ ಪೊಂಬಾಲನು ೧೭೫೬ರಲ್ಲಿ ರಾಜಮುದ್ರೆಯುಳ್ಳ ಒಂದು ಕಂಪನಿಯನ್ನು ಸ್ಥಾಪಿಸಿ, ಡೋರೊ ಪ್ರಾಂತವನ್ನು ಅಳೆಯಿಸಿ, ಮುಂದಿನ ವರ್ಷಗಳಲ್ಲಿ ಮುನ್ನೂರಕ್ಕೂ ಮಿಕ್ಕ ಎಲ್ಲೆಕಲ್ಲುಗಳನ್ನು ನೆಡಿಸಿದನು. ಉತ್ತಮ ದರ್ಜೆಯ ಮದ್ಯಕ್ಕೆ ಮಾತ್ರ ರಫ್ತಿನ ಅನುಮತಿ ದೊರೆಯಿತು. ಎಲ್ಡರ್ ಗಿಡಗಳನ್ನು ಬೇರುಸಹಿತ ಕೀಳಿಸಲಾಯಿತು.

ಆದರೆ ಇದೇ ಕಂಪನಿಗೆ ಪೋರ್ಟೊ ನಗರದ ಚಿಲ್ಲರೆ ಮದ್ಯವ್ಯಾಪಾರದ ಏಕಸ್ವಾಮ್ಯವೂ ಪ್ರಾಪ್ತವಾಗಿದ್ದಿತು. ೧೭೫೭ರ ಫೆಬ್ರುವರಿಯಲ್ಲಿ ಅಲ್ಲಿನ ಸಣ್ಣ ಹೆಂಡದಂಗಡಿಯವರೂ ಜನಸಾಮಾನ್ಯರೂ ದಂಗೆಯೆದ್ದರು. ಸರ್ಕಾರ ಅದನ್ನು ಅತ್ಯಂತ ಕ್ರೂರವಾಗಿ ಅಡಗಿಸಿತು, ಹಲವರನ್ನು ಗಲ್ಲಿಗೇರಿಸಿತು. ಲಂಡನ್ನಿನ ಕೊಳ್ಳುಗನಿಗೆ ಸೀಸೆಯ ಮೇಲಿನ ಹೆಸರು ಮತ್ತೆ ನಂಬಿಕೆಗೆ ಅರ್ಹವಾಯಿತು. ಅದರ ವೆಚ್ಚವನ್ನು ತೆತ್ತವರಲ್ಲಿ ಆ ಹೆಸರಿನಿಂದ ಯಾವ ಲಾಭವನ್ನೂ ಕಾಣದ ಬಡವರೇ ಬಹುಮಂದಿ ಇದ್ದರು.

೪. ದಲಾಲರ ಪಟ್ಟಿ

ಮದ್ಯದ ತಾರತಮ್ಯವನ್ನು ಕುರಿತ ಪಟ್ಟಿಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ೧೮೫೫ರ ಬೋರ್ಡೋ ಪಟ್ಟಿ. ಮಲೆನಾಡಿನ ಅಡಕೆಯ ಬೆಳೆಗಾರರಿಗೆ ಈ ಊರಿನ ಹೆಸರು ಬೇರೊಂದು ಸಂಬಂಧದಿಂದ ಚಿರಪರಿಚಿತ. ಅಲ್ಲಿನ ದ್ರಾಕ್ಷಿಬಳ್ಳಿಗಳ ಬೂಷ್ಟುರೋಗಕ್ಕೆ ೧೮೮೦ರ ದಶಕದಲ್ಲಿ ಕಂಡುಹಿಡಿದ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಡಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಇಂದಿಗೂ ಅದಕ್ಕೆ ಬೋರ್ಡೋ ದ್ರಾವಣವೆಂದೇ ಹೆಸರು.

೧೮೫೫ರಲ್ಲಿ ಮೂರನೆಯ ನೆಪೋಲಿಯನ್ನನ ಆಳ್ವಿಕೆಯಲ್ಲಿ ಪ್ಯಾರಿಸ್ಸಿನಲ್ಲಿ ವಿಶ್ವಪ್ರದರ್ಶನ ನಡೆಯಿತು. ಬೋರ್ಡೋ ವಾಣಿಜ್ಯ ಮಂಡಳಿಯು ತನ್ನ ಮದ್ಯಗಳನ್ನು ಅಲ್ಲಿಗೆ ಕಳುಹಿಸುವ ಸಂದರ್ಭದಲ್ಲಿ, ಉತ್ತಮ ತೋಟಗಳನ್ನು ದರ್ಜೆಯ ಕ್ರಮದಲ್ಲಿ ಪಟ್ಟಿಮಾಡಿ ಕೊಡಬೇಕೆಂದು ನಗರದ ದಲಾಲರ ಸಂಘವನ್ನು ಏಪ್ರಿಲ್ ೫ರಂದು ಕೇಳಿತು. ಏಪ್ರಿಲ್ ೧೮ರಂದೇ ಪಟ್ಟಿ ಸಿದ್ಧವಾಗಿ ಬಂದಿತು. ದಲಾಲರು ಇಷ್ಟು ಶೀಘ್ರವಾಗಿ ಕಾರ್ಯವನ್ನು ಮುಗಿಸಿದುದಕ್ಕೆ ಕಾರಣ ಸರಳವಾದುದು. ಅವರು ಹೊಸದಾಗಿ ರುಚಿ ನೋಡಿ ಅಂಕ ಕೊಡಲಿಲ್ಲ. ಅನೇಕ ವರ್ಷಗಳಿಂದ ಆಯಾ ತೋಟದ ಮದ್ಯಕ್ಕೆ ಪೇಟೆಯಲ್ಲಿ ದೊರೆಯುತ್ತ ಬಂದ ಬೆಲೆಯನ್ನೇ ಆಧಾರವಾಗಿಟ್ಟುಕೊಂಡರು. ಕೆಂಪು ಮದ್ಯದ ಸುಮಾರು ಅರವತ್ತು ತೋಟಗಳು ಐದು ದರ್ಜೆಗಳಲ್ಲಿ ಸ್ಥಾನ ಪಡೆದವು. ಲಾಫಿತ್, ಲಾತೂರ್, ಮಾರ್ಗೋ, ಓಬ್ರಿಯೋ ಎಂಬ ನಾಲ್ಕು ಮೊದಲನೆಯ ದರ್ಜೆಗೆ ಸೇರಿದವು. ಸೊತೆರ್ನ್ ಕಡೆಯ ಸಿಹಿಯಾದ ಬಿಳಿ ಮದ್ಯಗಳಲ್ಲಿ ಇಕೆಂ ತೋಟಕ್ಕೆ ಎಲ್ಲಕ್ಕಿಂತ ಮೇಲಿನ ವಿಶೇಷ ಸ್ಥಾನ ದೊರೆಯಿತು.

ಲೇವಾದೇವಿಯ ಭಾಷೆಯಲ್ಲಿ ಹೇಳುವುದಾದರೆ ಇದು ತೋಟಗಳ ಪತ್ತಿನ ಪಟ್ಟಿ. ಬಹುಕಾಲದ ವ್ಯವಹಾರದಲ್ಲಿ ಯಾರ ಮಾತಿಗೆ ಎಷ್ಟು ಬೆಲೆ ನಿಂತಿತೆಂಬುದು ಪತ್ತಿನ ಅಳತೆ. ಆ ದೃಷ್ಟಿಯಿಂದ ದಲಾಲರ ಕ್ರಮ ನ್ಯಾಯವಾದುದೇ ಸರಿ. ಆದರೆ ಯಾವ ಸಾಹುಕಾರನೂ ಒಮ್ಮೆ ಗೊತ್ತುಪಡಿಸಿದ ಪತ್ತನ್ನು ನೂರು ವರ್ಷ ಪುನರ್ವಿಮರ್ಶೆಯಿಲ್ಲದೆ ಬಿಡುವುದಿಲ್ಲ. ಬೋರ್ಡೋದಲ್ಲಿ ಆದುದು ಅದೇ. ಪ್ರದರ್ಶನಕ್ಕಾಗಿ ಬರೆದ ಪಟ್ಟಿ ಶಾಶ್ವತ ಶಾಸನದಂತೆ ನಿಂತುಬಿಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾಂತಮೆರ್ಲ್ ಎಂಬ ತೋಟ ಸೇರ್ಪಡೆಯಾದ ಮೇಲೆ, ಗಣ್ಯವಾದ ಬದಲಾವಣೆ ನಡೆದುದು ೧೯೭೩ರಲ್ಲಿ ಒಂದೇ ಒಂದು. ಫಿಲಿಪ್ ದ ರಾಥ್‌ಚೈಲ್ಡನ ದೀರ್ಘಪ್ರಯತ್ನದ ಫಲವಾಗಿ ಮೂತೋನ್ ತೋಟ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿತು. ದರ್ಜೆ ಹೆಸರಿಗೆ ಅಂಟಿಕೊಂಡಿರುವುದೇ ಹೊರತು ನೆಲಕ್ಕಲ್ಲ. ಒಡೆಯರು ಬದಲಾದರೂ, ಜಮೀನಿನ ತುಂಡುಗಳನ್ನು ಮಾರಿದರೂ ಕೊಂಡರೂ ಅದು ಹಾಗೆಯೇ ಉಳಿಯುತ್ತದೆ.

೫. ಮಧ್ಯಮವರ್ಗದ ಹೊಸ ಕೊಳ್ಳುಗ

೧೮೬೦ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ವಾಣಿಜ್ಯ ಒಪ್ಪಂದವನ್ನು ಮಾಡಿಕೊಂಡವು. ಹಣಕಾಸಿನ ಮಂತ್ರಿಯಾಗಿದ್ದ ಗ್ಲ್ಯಾಡ್‌ಸ್ಟನ್ನನು ಫ್ರೆಂಚ್ ಮದ್ಯದ ಮೇಲಿನ ಸುಂಕವನ್ನು ಬಹಳವಾಗಿ ಇಳಿಸಿದನು. ಮರುವರ್ಷದ ಕಾನೂನು ಸಾಮಾನ್ಯ ಅಂಗಡಿಕಾರರಿಗೂ ಒಂದೊಂದೇ ಸೀಸೆಯನ್ನು ಮಾರುವ ಅವಕಾಶವನ್ನು ಕೊಟ್ಟಿತು. ಅದುವರೆಗೆ ಮದ್ಯವನ್ನು ಕೊಳ್ಳುವುದೆಂದರೆ ಸಿರಿವಂತರ ಮನೆಗೂ ಅವರ ವರ್ತಕನಿಗೂ ತಲೆಮಾರಿನಿಂದ ನಡೆದುಬಂದ ಸಂಬಂಧ. ಈಗ ಗುಮಾಸ್ತನೂ ಶಾಲೆಯ ಉಪಾಧ್ಯಾಯನೂ ಕಿರಾಣಿಯಂಗಡಿಯಲ್ಲಿ ಸಕ್ಕರೆ, ಚಹಗಳ ಜೊತೆಗೆ ಸೀಸೆಯೊಂದನ್ನು ಒಯ್ಯಬಹುದಾಯಿತು. ಆದರೆ ಯಾವ ಸೀಸೆ? ಅವರ ತಂದೆಯಾಗಲಿ ತಾತನಾಗಲಿ ಹೇಳಿಕೊಟ್ಟ ವಿದ್ಯೆ ಇದಲ್ಲ.

ಈ ತೊಡಕನ್ನು ಸರಿಯಾಗಿ ಗ್ರಹಿಸಿದವರು ಗಿಲ್ಬಿ ಸೋದರರು. ಕ್ರಿಮಿಯದ ಯುದ್ಧದ ಕಾಲದ ಸೇವೆಯಿಂದ ಹಿಂದಿರುಗಿ, ೧೮೫೭ರಲ್ಲಿ ಲಂಡನ್ನಿನಲ್ಲಿ ದಕ್ಷಿಣ ಆಫ್ರಿಕದ ಮದ್ಯವನ್ನು ಮಾರಲು ತೊಡಗಿದ ಅವರು, ಮುಂದೆ ಊರೂರಿನ ಕಿರಾಣಿಯಂಗಡಿಗಳನ್ನು ಪ್ರತಿನಿಧಿಗಳನ್ನಾಗಿ ಮಾಡಿಕೊಂಡರು. ಮದ್ಯ ಯಾವ ದೇಶದ್ದಾದರೂ ಸೀಸೆಯ ಮೇಲೆ ತಮ್ಮ ಕ್ಯಾಸಲ್ ಮುದ್ರೆಯನ್ನು ಹಾಕಿದರು. ಕೊಳ್ಳುಗನು ನೂರಾರು ತೋಟಗಳ ಹೆಸರುಗಳನ್ನು ಕಲಿಯಬೇಕಾದುದಿಲ್ಲ, ತಮ್ಮದೊಂದನ್ನು ನಂಬಿದರೆ ಸಾಕೆಂಬುದು ಇದರ ತಾತ್ಪರ್ಯ. ಹೊಸಬನಿಗೆ ಇದರಿಂದ ನಿಜವಾಗಿಯೂ ಉಪಕಾರವಾಯಿತು. ಬೆಳೆಗಾರನ ಹೆಸರು ಮಾತ್ರ ಚೀಟಿಯಿಂದ ಮರೆಯಾಯಿತು.

೬. ಬಳ್ಳಿಯ ರೋಗ, ಬೆಳೆಗಾರರ ದಂಗೆ

೧೮೬೦ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರ ಎಂಬ ಸಣ್ಣ ಕೀಟ ಫ್ರಾನ್ಸಿನ ದ್ರಾಕ್ಷಿಬಳ್ಳಿಗಳ ಬೇರುಗಳನ್ನು ತಿನ್ನತೊಡಗಿತು. ೧೮೭೫ರಲ್ಲಿ ಸುಮಾರು ೮೪ ದಶಲಕ್ಷ ಹೆಕ್ಟೋಲೀಟರುಗಳಷ್ಟಿದ್ದ ಆ ದೇಶದ ಉತ್ಪನ್ನ ೧೮೮೯ರ ವೇಳೆಗೆ ಸುಮಾರು ೨೩ ದಶಲಕ್ಷಕ್ಕೆ ಇಳಿಯಿತು. ಹೆಕ್ಟೋಲೀಟರೆಂದರೆ ನೂರು ಲೀಟರು. ಕುಡಿಯುವವರ ಸಂಖ್ಯೆ ಮಾತ್ರ ಇಳಿಯಲಿಲ್ಲ. ಒಣದ್ರಾಕ್ಷಿಯನ್ನು ನೆನೆಸಿ, ಹಿಂಡಿದ ಸಿಪ್ಪೆಗೆ ಸಕ್ಕರೆಯನ್ನೂ ನೀರನ್ನೂ ಸೇರಿಸಿ ಮದ್ಯವನ್ನು ತಯಾರಿಸುವ ಉದ್ಯೋಗ ಹಬ್ಬಿತು. ಹೊಸದಾಗಿ ಕೊಯ್ದ ದ್ರಾಕ್ಷಿಯಿಂದ ಆದುದನ್ನು ಮಾತ್ರ ವೈನ್ ಎಂದು ಕರೆಯತಕ್ಕದ್ದೆಂದು ೧೮೮೯ರಲ್ಲಿ ಕಾನೂನು ಮಾಡಬೇಕಾಯಿತು.

ಅಮೆರಿಕದ ಬೇರಿಗೆ ಫ್ರಾನ್ಸಿನ ಬಳ್ಳಿಯನ್ನು ಕಸಿಮಾಡಿ ತೋಟಗಳನ್ನು ಮತ್ತೆ ಎಬ್ಬಿಸಿದ ಮೇಲೆ ಉತ್ಪನ್ನ ಮಿತಿಮೀರಿತು. ಕೃತಕ ಮದ್ಯವೂ ನಿಲ್ಲಲಿಲ್ಲ. ಬೆಲೆ ಕುಸಿದು ದಕ್ಷಿಣದ ಲಾಂಗೆದೋಕ್ ಪ್ರಾಂತದ ಬೆಳೆಗಾರರು ಸಾಲದಲ್ಲಿ ಮುಳುಗಿದರು. ೧೯೦೭ರಲ್ಲಿ ಮಾರ್ಸೆಲಿನ್ ಆಲ್ಬೇರ್ ಎಂಬ ಸಣ್ಣ ಬೆಳೆಗಾರನ ಮುಂದಾಳುತನದಲ್ಲಿ ದೊಡ್ಡ ಚಳವಳಿ ಎದ್ದಿತು. ಜೂನ್ ೯ರಂದು ಮೊಂಪೆಲಿಯೆ ನಗರದಲ್ಲಿ ಲಕ್ಷಾಂತರ ಜನ ಸೇರಿದರು. ಅದೇ ತಿಂಗಳು ನಾರ್ಬೊನ್ನಿನಲ್ಲಿ ಸೈನಿಕರ ಗುಂಡಿಗೆ ಜನರು ಬಲಿಯಾದರು. ಆ ಪ್ರಾಂತದವರೇ ಬಹುಮಂದಿಯಿದ್ದ ಕಾಲಾಳುಪಡೆಯೊಂದು ಬಂಡಾಯವೆದ್ದಿತು. ಜೂನ್ ಮುಗಿಯುವುದರೊಳಗಾಗಿ ಕಲಬೆರಕೆಯ ವಿರುದ್ಧ ಕಠಿನವಾದ ಕಾನೂನು ಬಂದಿತು.

ನಾಲ್ಕು ವರ್ಷಗಳ ತರುವಾಯ ಶಾಂಪೇನ್ ಪ್ರಾಂತದ ಸರದಿ. ಹೊರಗಿನ ಅಗ್ಗದ ಮದ್ಯವನ್ನು ತಂದು ಶಾಂಪೇನ್ ಹೆಸರಿನಿಂದ ಮಾರುತ್ತಿದ್ದ ವರ್ತಕರ ಮೇಲೆ ೧೯೧೧ರ ಜನವರಿಯಲ್ಲಿ ಮಾರ್ನ್ ಜಿಲ್ಲೆಯ ಬೆಳೆಗಾರರು ತಿರುಗಿಬಿದ್ದರು. ೧೯೦೮ರಲ್ಲಿ ಎಳೆದಿದ್ದ ಎಲ್ಲೆ ಓಬ್ ಜಿಲ್ಲೆಯನ್ನು ಹೊರಗಿಟ್ಟಿದ್ದುದರಿಂದ ಅಲ್ಲಿನವರೂ ರೊಚ್ಚಿಗೆದ್ದರು. ಆ ಎಲ್ಲೆಯನ್ನು ರದ್ದುಪಡಿಸುವ ಸೂಚನೆ ಬಂದೊಡನೆ ಏಪ್ರಿಲ್‌ನಲ್ಲಿ ಮಾರ್ನ್ ಜಿಲ್ಲೆಯ ಆಯಿ ಊರಿನಲ್ಲಿ ವರ್ತಕರ ನೆಲಮಾಳಿಗೆಗಳು ಲೂಟಿಗೂ ಬೆಂಕಿಗೂ ಗುರಿಯಾದವು. ಓಬ್ ಜಿಲ್ಲೆಗೆ ಪೂರ್ಣ ಹಕ್ಕು ದೊರೆತುದು ೧೯೨೭ರಲ್ಲಿ. ನಕ್ಷೆಯ ಮೇಲಿನ ಗೆರೆಯೊಂದು ಗೆರೆಯಾಚೆಯ ರೈತನಿಗೆ ಅನ್ನದ ಪ್ರಶ್ನೆಯಾಗುವುದೆಂಬುದನ್ನು ಈ ಘಟನೆಗಳು ತೋರಿಸಿಕೊಟ್ಟವು.

ಇವೆಲ್ಲದರ ಪರಿಣಾಮವಾಗಿ ರೂಪುಗೊಂಡುದು ೧೯೩೫ರ ಜುಲೈ ೩೦ರ ಶಾಸನ. ಜೋಸೆಫ್ ಕಾಪ್ಯೂ ಎಂಬ ಸೆನೆಟ್ ಸದಸ್ಯನೂ ಶಾತೊನೆಫ್ ದ್ಯು ಪಾಪ್ ಊರಿನ ಬೆಳೆಗಾರ ಬ್ಯಾರನ್ ಲ ರ್ವಾನೂ ಇದರ ಹಿಂದಿದ್ದ ಮುಖ್ಯರು. ಎಲ್ಲೆಯ ಜೊತೆಗೆ ಬಳ್ಳಿಯ ಜಾತಿ, ಎಕರೆಗೆ ಇಷ್ಟೇ ಇಳುವರಿಯೆಂಬ ಮಿತಿ, ಮದ್ಯಸಾರದ ಪ್ರಮಾಣ, ತಯಾರಿಕೆಯ ಕ್ರಮ ಇವೆಲ್ಲವನ್ನೂ ಗೊತ್ತುಪಡಿಸಿದುದು ಇದರ ವೈಶಿಷ್ಟ್ಯ. ಇದರ ಪ್ರಕಾರ ಮೊದಲನೆಯ ಪ್ರದೇಶಗಳು ೧೯೩೬ರಲ್ಲಿ ಮನ್ನಣೆ ಪಡೆದವು.

೭. ಹಣ್ಣಿನ ಹೆಸರು, ನಮ್ಮ ನಾಡಿನ ಸ್ಥಿತಿ

ಪ್ರಾಚೀನ ಖ್ಯಾತಿಯಿಲ್ಲದ ದೇಶಗಳಿಗೆ ಊರಿನ ಹೆಸರು ನೆರವಾಗದು. ಅಮೆರಿಕದಲ್ಲಿ ಫ್ರಾಂಕ್ ಸ್ಕೂನ್‌ಮೇಕರನು ಯೂರೋಪಿನ ಊರುಗಳ ಹೆಸರುಗಳನ್ನು ಎರವಲು ಪಡೆಯುವುದನ್ನು ಬಿಟ್ಟು, ಹಣ್ಣಿನ ಜಾತಿಯನ್ನೇ ಚೀಟಿಯ ಮೇಲೆ ಹಾಕಬೇಕೆಂದು ೧೯೩೦ರ ದಶಕದ ಅಂತ್ಯದಿಂದ ಪ್ರಚಾರ ಮಾಡಿದನು. ಕೆಬರ್ನೆ ಸೊವಿನ್ಯೋ, ಶಾರ್ಡೊನೆ ಎಂಬ ಹೆಸರುಗಳು ಹೊಸ ಕೊಳ್ಳುಗನಿಗೆ ಅಕ್ಷರಮಾಲೆಯಂತೆ ಉಪಯುಕ್ತವಾದವು. ೧೯೭೬ರ ಮೇ ೨೪ರಂದು ಸ್ಟೀವನ್ ಸ್ಪರಿಯರ್ ಎಂಬ ಆಂಗ್ಲ ವರ್ತಕನು ಪ್ಯಾರಿಸ್ಸಿನಲ್ಲಿ ಚೀಟಿಗಳನ್ನು ಮರೆಮಾಡಿ ಪರೀಕ್ಷೆಯೊಂದನ್ನು ಏರ್ಪಡಿಸಿದಾಗ, ಫ್ರೆಂಚ್ ಪರೀಕ್ಷಕರ ಅಂಕಗಳಲ್ಲಿ ಕೆಂಪು, ಬಿಳಿ ಎರಡರಲ್ಲಿಯೂ ಕ್ಯಾಲಿಫೋರ್ನಿಯದ ಮದ್ಯಗಳೇ ಮೇಲಾದವು. ಹಿಂದೆ ಬಿದ್ದವುಗಳಲ್ಲಿ ಮೂರು ವರ್ಷಗಳ ಹಿಂದಷ್ಟೇ ಮೊದಲ ದರ್ಜೆಗೇರಿದ್ದ ಮೂತೋನ್ ಕೂಡ ಇದ್ದಿತು. ಚೀಟಿಯನ್ನು ಕಂಡು ಕೊಡುವ ತೀರ್ಪೂ ಕಾಣದೆ ಕೊಡುವ ತೀರ್ಪೂ ಒಂದೇ ಆಗಿರಬೇಕಾದುದಿಲ್ಲವೆಂಬುದು ಅಂದು ಎಲ್ಲರಿಗೂ ವಿದಿತವಾಯಿತು.

ಭಾರತದಲ್ಲಿ ದ್ರಾಕ್ಷಿಯಿಂದ ಮದ್ಯವನ್ನು ತಯಾರಿಸುವ ಉದ್ಯಮಕ್ಕೆ ಉತ್ತೇಜನ ಕೊಡುವ ನೀತಿಯನ್ನು ಮಹಾರಾಷ್ಟ್ರ ೨೦೦೧ರಲ್ಲಿಯೂ ಕರ್ನಾಟಕ ೨೦೦೭ರಲ್ಲಿಯೂ ಪ್ರಕಟಿಸಿದವು. ಊರಿನ ಹೆಸರನ್ನು ಕಾಪಾಡುವ ೧೯೯೯ರ ಭೌಗೋಳಿಕ ಸೂಚಕಗಳ ಕಾಯಿದೆ ೨೦೦೩ರಲ್ಲಿ ಜಾರಿಗೆ ಬಂದಿತು. ಅದರ ಮೇರೆಗೆ ನಾಸಿಕ ಕಣಿವೆಯ ವೈನಿಗೂ, ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲಿ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಗೂ ಮನ್ನಣೆ ದೊರೆತಿದೆ. ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಇಂತಹ ನಮ್ಮ ನೆಲದ ಹಣ್ಣಿನಿಂದ ತಯಾರಾದ ಸಿಹಿ ಮದ್ಯ ಬಹುಕಾಲದಿಂದ ಮಾರಾಟವಾಗುತ್ತ ಬಂದಿರುವುದು ಪೋರ್ಟ್ ಎಂಬ ಹೆಸರಿನಿಂದ. ಡೋರೊ ಕಣಿವೆಯ ರೈತರು ಎಲ್ಲೆಕಲ್ಲು ನೆಟ್ಟು ಉಳಿಸಿಕೊಂಡ ಹೆಸರನ್ನು ಎರವಲು ತಂದು, ದೇವನಹಳ್ಳಿಯ ಕಡೆಯ ರೈತನ ಹೆಸರನ್ನು ಚೀಟಿಯಿಂದ ಬಿಟ್ಟುದರಿಂದ ಇಬ್ಬರಿಗೂ ನ್ಯಾಯವಾಗಲಿಲ್ಲ.

ಈ ಚರಿತ್ರೆಯಿಂದ ಹೊಸಬನು ಕಲಿಯಬಹುದಾದುದು ಇಷ್ಟು. ಊರಿನ ಹೆಸರು ಹುಟ್ಟಿಗೆ ಸಾಕ್ಷಿ, ರುಚಿಗಲ್ಲ. ದರ್ಜೆ ಹಿಂದಿನವರು ಕೊಟ್ಟ ಬೆಲೆಯ ನೆನಪು. ಇಂದಿನ ಯೋಗ್ಯತೆಯನ್ನು ಬೇರೆಯಾಗಿ ವಿಚಾರಿಸಬೇಕು. ವರ್ತಕನ ಮುದ್ರೆ ಒಂದೇ ಸಮನಾದ ಗುಣವನ್ನು ಕೊಡಬಲ್ಲುದು. ಅದು ಎಲ್ಲಿಂದ ಬಂದಿತೆಂಬುದನ್ನು ಹೇಳಲಾರದು. ಹಣ್ಣಿನ ಹೆಸರು ರುಚಿಯ ಜಾತಿಯನ್ನು ತಿಳಿಸುತ್ತದೆ, ಕೈಗುಣವನ್ನು ತಿಳಿಸುವುದಿಲ್ಲ. ಕೊಯ್ಲಿನ ವರ್ಷ ಮಳೆಬಿಸಿಲುಗಳ ಲೆಕ್ಕ. ಕೂಡಿಡಲು ಯೋಗ್ಯವಾದ ಮದ್ಯಕ್ಕೆ ಅದು ಮುಖ್ಯ, ಬೇಗನೆ ಕುಡಿಯುವಂಥದಕ್ಕೆ ಇತ್ತೀಚಿನದಾಗಿದ್ದರೆ ಸಾಕು. ಈ ಐದನ್ನೂ ಬೇರೆಬೇರೆಯಾಗಿ ಓದಬಲ್ಲವನು ಬೆಲೆಯೊಂದನ್ನೇ ಗುಣವೆಂದು ತಿಳಿದು ಮೋಸಹೋಗುವುದಿಲ್ಲ. ಚೀಟಿಯ ಮೇಲಿನ ಹೆಸರಿಗಾಗಿ ನಾರ್ಬೊನ್ನಿನ ಬೀದಿಯಲ್ಲಿ ಪ್ರಾಣ ತೆತ್ತವರೂ, ಓಬ್ ಜಿಲ್ಲೆಯಲ್ಲಿ ಹದಿನಾರು ವರ್ಷ ಕಾದವರೂ ಇದ್ದರೆಂಬುದನ್ನು ಅವನು ಅರಿತಿದ್ದರೆ, ಆ ಸಣ್ಣ ಅಕ್ಷರಗಳನ್ನು ಇನ್ನಷ್ಟು ಶ್ರದ್ಧೆಯಿಂದ ಓದುವನು. ನಂದಿಬೆಟ್ಟದ ತಪ್ಪಲಿನ ಬೆಳೆಗಾರನ ಊರು ಆ ಅಕ್ಷರಗಳಲ್ಲಿ ತನ್ನ ಸ್ವಂತ ಹೆಸರಿನಿಂದಲೇ ಕಾಣಿಸಿಕೊಳ್ಳುವುದೋ ಎರವಲಿನ ಹೆಸರಿನ ಮರೆಯಲ್ಲಿ ಉಳಿಯುವುದೋ ಎಂಬುದು ಅಂತಹ ಓದುಗರನ್ನು ಅವಲಂಬಿಸಿದೆ.